ಎ.ಸಿ. ರೂಮಿನ ಹತ್ತು ಸಾವಿರ ನಿವಾಸಿಗಳು

ಚಾಮರಾಜನಗರ ಜಿಲ್ಲೆಯಾದ ಮಾರನೆಯ ವರ್ಷ ಸರ್ಕಾರ ನನಗೆ ಒಂದು ಕುರ್ಚಿ, ಅರ್ಧ ಮೇಜು (ಇನ್ನರ್ಧ ಟೈಪ್‌ರೈಟರಿನದು) ಮತ್ತು ಒಂದು ಯೋಜನೆಯನ್ನು ದಯಪಾಲಿಸಿತು. ಕಚೇರಿಯ ಹೆಸರು ಜಿಲ್ಲಾ ಇಂಧನ ಮಿತವ್ಯಯ ಕೋಶ. ಹೆಸರು ಅಷ್ಟುದ್ದ ಇದ್ದರೂ ಕೋಶದೊಳಗೆ ಇದ್ದ ಜೀವಿಗಳು ಎರಡೇ. ಅಧಿಕಾರಿ ಚಿಕ್ಕಮಲ್ಲಪ್ಪನವರು, ಗುಮಾಸ್ತ ಕರಿಬಸವಯ್ಯ. ಆ ಕರಿಬಸವಯ್ಯನೇ ನಾನು.

ಯೋಜನೆ ಏನಪ್ಪಾ ಅಂದರೆ, ಕಡಿಮೆ ಕರೆಂಟು ತಿನ್ನುವ ಹೊಸ ಮಾದರಿಯ ಏರ್ ಕಂಡಿಶನರನ್ನು ಮನೆಗೆ ಹಾಕಿಸಿಕೊಂಡವರಿಗೆ ಅರ್ಧ ಬೆಲೆ ಸರ್ಕಾರದ್ದು. ಬೆಂಗಳೂರಿನಲ್ಲಿ ಕೂತು ಇದನ್ನು ಬರೆದ ಪುಣ್ಯಾತ್ಮರು ನಮ್ಮ ಜಿಲ್ಲೆಗೆ ಹತ್ತು ಮನೆ ಎಂದು ಗುರಿ ಹಾಕಿದ್ದರು. ಗುಂಡ್ಲುಪೇಟೆಗೆ ಹೋಗಿ ಕೇಳಿದರೆ, “ಕಾಡಿನ್ ಗಾಳಿ ಪುಕ್ಸಟ್ಟೆ ಬತ್ತದೆ, ಪೆಟ್ಗೆ ಯಾಕೆ ಸ್ವಾಮಿ?” ಎಂದರು. ಚಾಮರಾಜನಗರದ ಅರಿಶಿನ ಮಂಡಿಯವರನ್ನು ಕೇಳಿದರೆ, ಎ.ಸಿ. ಹಾಕಿಸಿದ ಮರುದಿನವೇ ತೆರಿಗೆಯವರು ನೆಂಟರ ಹಾಗೆ ಬಂದು ಕೂರುತ್ತಾರೆ ಎಂದು ಕೈಮುಗಿದರು. ಮಾರ್ಚಿ ಮುಗಿಯಲು ಹದಿನೈದು ದಿನ ಇರುವಾಗ ನಮ್ಮ ಹತ್ತಿರ ಇದ್ದದ್ದು ಒಂದೇ ಅರ್ಜಿ. ಅದೂ ಯಾರೋ ಫ್ರಿಜ್ಜು ಕೊಡುತ್ತಾರೆ ಎಂದು ತಿಳಿದು ಹಾಕಿದ್ದು.

ಚಿಕ್ಕಮಲ್ಲಪ್ಪನವರು ಒಂದು ಮಧ್ಯಾಹ್ನ ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ಅವರು ಕನ್ನಡಕ ತೆಗೆದರೆ ಯಾರಿಗೋ ಗ್ರಹಚಾರ.

“ಕರಿಬಸವಯ್ಯ, ನೀವೇ ಯಾಕೆ ಒಂದು ಹಾಕಿಸಬಾರದು?”

“ನಾನಾ ಸಾರ್?”

“ಸೊನ್ನೆ ಅಂತ ವರದಿ ಕಳಿಸಿದರೆ ಕೋಶ ಮುಚ್ತಾರೆ. ನನ್ನನ್ನ ಬೀದರಿಗೆ ಹಾಕ್ತಾರೆ. ನಿಮ್ಮನ್ನ ಎಲ್ಲಿಗೆ ಹಾಕ್ತಾರೋ, ಅದು ನನಗೆ ಗೊತ್ತಿಲ್ಲ.”

ಭಯ ಅರ್ಧ, ಆಸೆ ಅರ್ಧ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು ತಲೆಯ ಮೇಲೆ ಬಾಣಲೆ ಕವುಚಿದಂತಿರುತ್ತದೆ. ಇಡೀ ಜಿಲ್ಲೆಗೆ ಮೊದಲ ಎ.ಸಿ. ಫಲಾನುಭವಿ ಎಂಬ ಬಿರುದು ಬೇರೆ. ಸ್ಕೂಟರಿಗೆಂದು ಕೂಡಿಸಿಟ್ಟಿದ್ದನ್ನು ಸರ್ಕಾರದ ಅರ್ಧಕ್ಕೆ ಜೋಡಿಸಿ ಅರ್ಜಿಗೆ ನಾನೇ ರುಜು ಹಾಕಿದೆ, ನಾನೇ ಪರಿಶೀಲಿಸಿದೆ, ನಾನೇ ಶಿಫಾರಸು ಮಾಡಿದೆ. ಅಷ್ಟು ಚುರುಕಾಗಿ ವಿಲೇವಾರಿಯಾದ ಕಡತವನ್ನು ನಾನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ.

ನಮ್ಮ ಮನೆ ಬದನಗುಪ್ಪೆ ಕಡೆಯ ರಸ್ತೆಯಲ್ಲಿ ಊರಿಗೆ ಕೊನೆಯದು. ಹೆಂಚಿನ ಮನೆ. ಪಕ್ಕಕ್ಕೆ ಅಂಟಿಸಿದಂತೆ ಮೋಲ್ಡ್ ಹಾಕಿದ ಒಂದೇ ಒಂದು ರೂಮು. ಹಿಂದೆ ಒಂದು ಎಕರೆ ಹಿಪ್ಪುನೇರಳೆ ತೋಟ. ಮನೆಯಲ್ಲಿ ನಾನು, ನನ್ನ ತಾಯಿ ಮಲ್ಲಾಜಮ್ಮ, ಹೆಂಡತಿ ಸುಧಾಮಣಿ ಮತ್ತು ವರ್ಷಕ್ಕೆ ನಾಲ್ಕು ಸಲ ರೇಷ್ಮೆ ಹುಳುಗಳು. ತೋಟ ನನ್ನ ಅಪ್ಪನದಾದರೂ ಹುಳುವಿನ ರಾಜ್ಯಭಾರ ಪೂರ್ತಿ ಸುಧಾಮಣಿಯದು. ಹುಳು ಬಂದರೆ ಪಡಸಾಲೆ ಅವುಗಳದು, ಅಡಿಗೆಮನೆ ನಮ್ಮದು.

ಹಿಂದಿನ ಬೇಸಿಗೆಯಲ್ಲಿ ಮಾತ್ರ ಅವಳಿಗೆ ದೊಡ್ಡ ಪೆಟ್ಟು ಬಿದ್ದಿತ್ತು. ನಾಲ್ಕನೆಯ ಜ್ವರ ಎದ್ದ ಹುಳುಗಳು (ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಮಾತ್ರೆ ಏನೂ ಬೇಡ) ಇನ್ನೇನು ಗೂಡು ಕಟ್ಟಬೇಕು, ಅಷ್ಟರಲ್ಲಿ ಸೆಕೆ ತಡೆಯಲಾರದೆ ಎರಡೇ ದಿನದಲ್ಲಿ ಕಪ್ಪಗಾಗಿ ಸಾಕುವ ಬಿದಿರು ತಟ್ಟೆಯಲ್ಲೇ ಸತ್ತವು. ಅಷ್ಟನ್ನೂ ಗುಂಡಿಗೆ ಸುರಿದು ಮಣ್ಣು ಮುಚ್ಚಿ ಬಂದ ಸುಧಾಮಣಿ, ಬಾವಿಯ ಕಟ್ಟೆಯ ಮೇಲೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ನಾನು ಕಾಫಿ ಮಾಡಿಕೊಂಡು ಹೋಗಿ ಪಕ್ಕದಲ್ಲಿಟ್ಟೆ. ಕಾಫಿ ಆರಿಹೋಯಿತು.

ಸರಿ, ಮಾರ್ಚಿ ಕೊನೆಯ ವಾರ ಮೈಸೂರಿನಿಂದ ಪೆಟ್ಟಿಗೆ ಬಂತು. ಇಬ್ಬರು ಮಿಸ್ತ್ರಿಗಳು ರೂಮಿನ ಗೋಡೆಗೆ ತೂತು ಹೊಡೆದು ಅದನ್ನು ಕೂರಿಸಿದರು. ಅದು ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಳೆಯಲು ಸರ್ಕಾರದ ಲೆಕ್ಕದಲ್ಲಿ ಒಂದು ಬೇರೆ ಮೀಟರನ್ನೂ ಬಿಗಿದರು. ನಮ್ಮಮ್ಮ ಅಂಗಳದಲ್ಲಿ ನಿಂತು ನೋಡಿದಳು.

“ಯಾನ್ಲಾ ಮಗ, ಚೆನ್ನಾಗಿದ್ ಗ್ವಾಡೆಗೆ ತೂತ್ ಮಾಡ್ಬುಟ್ಟಲ್ಲ!”

“ತಂಪಿಗೆ ಕಣಮ್ಮ.”

“ತಂಪ್ಗೆ ಕಿಟ್ಕಿ ತಗೀತಾರೆ ಕಣ್ಲಾ. ಕಿಟ್ಕಿ ಮುಚ್ಬುಟ್ಟು ಗ್ವಾಡೆ ಒಡ್ಯೋರ್ನ ಇವತ್ತೇ ಕಂಡಿದ್ದು.”

ಮೊದಲ ಭಾನುವಾರ ನಾನು ಊಟ ಮುಗಿಸಿ, ಕೆನ್ನೆಗೆ ಪೌಡರ್ ಹಾಕಿಕೊಂಡು, ಯಂತ್ರದ ತಿರುಪನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಕಂಬಳಿ ಹೊದ್ದು ಮಲಗಿದೆ. ಹೊರಗೆ ಕಾಗೆಗಳು ಬಾಯಿ ತೆರೆದುಕೊಂಡು ಕೂತಿದ್ದವು. ಒಳಗೆ ನಾನು ನಡುಗುತ್ತಿದ್ದೆ. ಸ್ವರ್ಗ ಎಂದರೆ ಬೇಸಿಗೆಯಲ್ಲಿ ನಡುಗುವುದು ಎಂದು ನನಗೆ ಅವತ್ತು ತಿಳಿಯಿತು. ಆ ಸ್ವರ್ಗ ಒಟ್ಟು ಆರು ದಿನ ಇತ್ತು.

ಏಳನೆಯ ದಿನ ಆಫೀಸಿನಿಂದ ಊಟಕ್ಕೆ ಬಂದಾಗ ರೂಮಿನ ಗೋಡೆಯ ಮೇಲೆ ಒಂದು ಥರ್ಮಾಮೀಟರ್ ನೇತಾಡುತ್ತಿತ್ತು. ಸುಧಾಮಣಿ ಅದರ ಮುಂದೆ ಕೈಕಟ್ಟಿ ನಿಂತಿದ್ದಳು. ಯಂತ್ರದ ತಿರುಪಿನ ಪಕ್ಕದಲ್ಲಿ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಳು.

“ರೀ, ಈ ಗೆರೆ ಮೇಲಿಟ್ರೆ ಸರಿಯಾಗಿ ಇಪ್ಪತ್ತೈದಕ್ಕೆ ನಿಂತ್ಕತದೆ. ಬೆಳಿಗ್ಗಿಂದ ನೋಡ್ತಾ ಇದೀನಿ, ಅಲ್ಲಾಡಿಲ್ಲ.”

“ಇಪ್ಪತ್ತೈದು ಯಾಕೆ? ನನಗೆ ಹದಿನೆಂಟು ಬೇಕು.”

“ನಿಮಗಲ್ಲ. ಹುಳಕ್ಕೆ.”

ನಾನು ಮಂಚದ ಮೇಲಿನ ಕಂಬಳಿಯನ್ನು ಬಾಚಿ ಹಿಡಿದುಕೊಂಡೆ.

ಅವಳ ಮನಸ್ಸಿನಲ್ಲಿ ಇದ್ದದ್ದು ಬಿಳಿಗೂಡು. ನಮ್ಮ ಕಡೆ ಎಲ್ಲರೂ ಬೆಳೆಯುವುದು ಹಳದಿ ಗೂಡು. ಬಿಳಿಗೂಡಿಗೆ ಬೆಲೆ ಹೆಚ್ಚು, ಆದರೆ ಅದರ ಹುಳು ಸೂಕ್ಷ್ಮ. ಚಳಿಗಾಲದಲ್ಲೇ ಕಷ್ಟ, ಬೇಸಿಗೆಯಲ್ಲಂತೂ ಚಾಮರಾಜನಗರದಲ್ಲಿ ಯಾರೂ ಕೈಹಾಕುವುದಿಲ್ಲ. ಇದನ್ನೆಲ್ಲ ನಾನು ಅವಳಿಗೆ ಗಂಭೀರವಾಗಿ ವಿವರಿಸಿದೆ.

“ಯಾರೂ ಬೆಳೆದಿಲ್ಲ ಸುಧಾ.”

“ಅವ್ರ್ ಮನೇಲಿ ಎ.ಸಿ. ಇತ್ತಾ?”

ನಾನು ಕೋಶದ ಸುತ್ತೋಲೆಯ ಮೊರೆಹೊಕ್ಕೆ. “ಈ ರಿಯಾಯಿತಿ ಗೃಹಬಳಕೆಗೆ ಮಾತ್ರ. ಬೇರೆ ಉಪಯೋಗಕ್ಕೆ ಹಚ್ಚಿದರೆ ಯಂತ್ರ ವಾಪಸ್ ಒಯ್ಯುತ್ತಾರೆ. ನಾನೇ ಆ ಕೋಶದ ಗುಮಾಸ್ತ. ನನ್ನ ಮಾನ ಏನಾಗಬೇಕು?” ಎಂದೆ.

ಅವಳು ಥರ್ಮಾಮೀಟರನ್ನು ನೇರ ಮಾಡಿದಳು. ಆಮೇಲೆ ತಣ್ಣನೆಯ ದನಿಯಲ್ಲಿ, “ಹೋದ್ಸಲ ಗುಂಡಿ ತೋಡಿದವಳು ನಾನು. ಈ ಸಲವೂ ತೋಡು ಅಂತೀರಾ?” ಎಂದಳು.

ನಾನು ಎರಡೇ ತಟ್ಟೆ, ಅದೂ ಮೂಲೆಯಲ್ಲಿ, ಎಂದು ಒಪ್ಪಿದೆ. ಎರಡೇ ತಟ್ಟೆಯಲ್ಲಿ ಇಪ್ಪತ್ತೈದು ಮೊಟ್ಟೆಯ ಮರಿಹುಳು ಬಂದವು. ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರು ಮೊಟ್ಟೆ ಎಂಬ ವಿಷಯವನ್ನು ಹದಿನಾಲ್ಕು ವರ್ಷ ಅವಳ ಜೊತೆ ಸಂಸಾರ ಮಾಡಿಯೂ ನಾನು ಗಮನಿಸಿರಲಿಲ್ಲ. ಹುಳು ಬೆಳೆದ ಹಾಗೆ ತಟ್ಟೆಗಳು ಎರಡು ನಾಲ್ಕಾದವು, ನಾಲ್ಕು ಎಂಟಾದವು. ಐದನೆಯ ದಿನ ನನ್ನ ಮಂಚ ಜಗಲಿಗೆ ಬಂತು. ಮಂಚದ ಹಿಂದೆ ನಾನೂ ಬಂದೆ, ನನ್ನ ಗೊರಕೆಯೂ ಬಂತು.

ಇನ್ನು ಮೇಲೆ ಆ ರೂಮಿಗೆ ಹೋಗಲು ನನಗೇ ಕಟ್ಟುಪಾಡು. ಬಾಗಿಲಲ್ಲಿ ಔಷಧಿ ನೀರಿನ ಬೋಗುಣಿ, ಅದರಲ್ಲಿ ಕಾಲದ್ದಬೇಕು. ಕೈ ತೊಳೆಯಬೇಕು. ಪೌಡರ್ ಹಾಕಿರಬಾರದು, ತಲೆಗೆ ವಾಸನೆ ಎಣ್ಣೆ ಹಚ್ಚಿರಬಾರದು. ಹುಳುವಿಗೆ ಆಗುವುದಿಲ್ಲವಂತೆ. ಎ.ಸಿ. ಗಾಳಿಗೆ ಸೊಪ್ಪು ಬಾಡುತ್ತದೆ ಎಂದು ಅವಳು ಒದ್ದೆ ಗೋಣಿಚೀಲಗಳನ್ನು ಸುತ್ತ ನೇತುಹಾಕಿದಳು. ಜಿಲ್ಲೆಯ ಪ್ರಥಮ ಹವಾನಿಯಂತ್ರಿತ ಕೊಠಡಿ ಈಗ ನೋಡಲು ಮಂಡಿಯ ಗೋದಾಮಿನ ಹಾಗಿತ್ತು. ಡಿ.ಸಿ. ಸಾಹೇಬರು ಊರಿಗೆ ಬಂದ ಮೇಲೆ ಕರೆಂಟು ಕೂಡ ನಿಯತ್ತಾಗಿ ಬರುತ್ತಿದ್ದುದರಿಂದ, ಆ ಕಡೆಯಿಂದಲೂ ನನಗೆ ಸಹಾಯ ಸಿಗಲಿಲ್ಲ.

ಜಗಲಿಯ ಸೊಳ್ಳೆಗಳು ನನ್ನ ಮುಖವನ್ನು ಚೆನ್ನಾಗಿ ಪರಿಶೀಲಿಸಿದವು. ಆಫೀಸಿನಲ್ಲಿ ಚಿಕ್ಕಮಲ್ಲಪ್ಪನವರು ಕೇಳಿದರು: “ಏನ್ರೀ ಅದು ಕೆನ್ನೆ ಮೇಲೆ, ಕೆಂಪಗೆ?”

“ಎ.ಸಿ. ಚಳಿಗೆ ಚರ್ಮ ಬಿರಿದಿದೆ ಸಾರ್.”

“ಅದೃಷ್ಟವಂತರು ಕಣ್ರೀ ನೀವು” ಎಂದು ಅವರು ಫೈಲಿನಿಂದ ಗಾಳಿ ಬೀಸಿಕೊಂಡರು.

ಒಂದು ವಿಷಯ ನಿಮ್ಮ ಹತ್ತಿರ ಮುಚ್ಚಿಡಬಾರದು. ದಿನ ಕಳೆದ ಹಾಗೆ ನನಗೂ ಅದರ ಹುಚ್ಚು ಹತ್ತಿತು. ಬೆಳಿಗ್ಗೆ ಎದ್ದ ತಕ್ಷಣ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದೆ. ನಾಲ್ಕನೆಯ ಜ್ವರಕ್ಕೆ ಕೂತ ದಿನ ಹತ್ತು ಸಾವಿರ ಹುಳುಗಳೂ ತಲೆ ಎತ್ತಿ ಜಪಕ್ಕೆ ಕೂತ ಹಾಗೆ ನಿಶ್ಚಲವಾಗಿದ್ದವು. ಹೋದ ವರ್ಷ ಎಲ್ಲ ಹಾಳಾದದ್ದು ಈ ಜ್ವರ ಎದ್ದ ಮೇಲೆಯೇ. ಅವತ್ತು ಸುಧಾಮಣಿ ಸರಿಯಾಗಿ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದು, “ಎದ್ದವೆ ಕಣ್ರೀ, ಒಂದೂ ಬಿಡದಂಗೆ ಎದ್ದವೆ!” ಎಂದು ಕೂಗಿದಳು. ನಾನು ಆಫೀಸಿಗೆ ಹೋಗುವುದಕ್ಕೆ ಮುಂಚೆ ಎರಡು ಹೊರೆ ಸೊಪ್ಪು ಕೊಯ್ದು ಹಾಕಿ ಹೋದೆ.

ಇದಾದ ನಾಲ್ಕನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕಮಲ್ಲಪ್ಪನವರು ಒಂದು ತಂತಿ ಹಿಡಿದುಕೊಂಡು ನನ್ನ ಅರ್ಧ ಮೇಜಿಗೆ ಬಂದರು.

“ಬೆಂಗಳೂರಿನಿಂದ ತನಿಖಾ ಇಂಜಿನಿಯರ್ ಮಾದೇಶ್ ಅನ್ನೋರು ಬರ್ತಿದ್ದಾರೆ. ಮೂರು ಗಂಟೆಗೆ ನಿಮ್ಮ ಮನೆ. ಒಳ್ಳೆ ಕಾಫಿ ಮಾಡಿಸಿಡಿ.”

ಸೈಕಲ್ ಅನ್ನು ನಾನು ಅಷ್ಟು ಜೋರಾಗಿ ತುಳಿದದ್ದು ಮದುವೆಗೆ ಮುಂಚೆ ಇರಬೇಕು. ಮನೆಗೆ ಬಂದರೆ ಸುಧಾಮಣಿ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಹೇಳಿದರೆ ರಂಪವಾಗುತ್ತದೆ ಎಂದು ಹೇಳಲೇ ಇಲ್ಲ. ಹದಿನಾರು ತಟ್ಟೆಗಳನ್ನು ಸಾಗಿಸುವುದು ಸಾಧ್ಯವಿಲ್ಲ. ತಟ್ಟೆ ಜೋಡಿಸಿದ್ದ ಸ್ಟ್ಯಾಂಡುಗಳನ್ನು ಗೋಡೆಗೆ ಒತ್ತರಿಸಿದೆ. ಬೀರುವಿನಿಂದ ಅವಳ ಮೂರು ಒಳ್ಳೆಯ ಸೀರೆ ತೆಗೆದು ರೂಮಿನ ಅಡ್ಡಕ್ಕೆ ಹಗ್ಗ ಕಟ್ಟಿ ಪರದೆ ಬಿಟ್ಟೆ. ಪರದೆಯ ಈಚೆ ಉಳಿದ ಮೂರಡಿ ಜಾಗದಲ್ಲಿ ಮಂಚ ತುರುಕಿ, ದಿಂಬಿಟ್ಟು, ಒಂದು ದಿನಪತ್ರಿಕೆ ಹರಡಿ, ಗೋಣಿಚೀಲ ಕಿತ್ತೊಗೆದು, ಬೋಗುಣಿಯನ್ನು ಮಂಚದ ಕೆಳಗೆ ತಳ್ಳಿ, ಅಮ್ಮನಿಗೆ ಹೇಳಿದೆ: “ಅಮ್ಮ, ಸಾಹೇಬ್ರು ಬರ್ತಾರೆ. ಯಾನ್ ಕೇಳುದ್ರೂ ನಂಗೊತ್ತಿಲ್ಲ ಅನ್ನು.”

“ಅದ್ಕೇನ್ ಬುಡು, ನಂಗೆ ಯಾವ್ದೂ ಗೊತ್ತಿಲ್ವಲ್ಲ” ಎಂದಳು ಅಮ್ಮ.

ಸರಿಯಾಗಿ ಮೂರು ಗಂಟೆಗೆ ಜೀಪು ಬಂತು. ಮಾದೇಶ್ ಅವರು ಮೂವತ್ತು ದಾಟದ ಹುಡುಗ, ಶರಟಿನ ಜೇಬಿನಲ್ಲಿ ನಾಲ್ಕು ಪೆನ್ನು, ಮುಖದಲ್ಲಿ ನಗು ಎಂಬುದಿಲ್ಲ. ಹಿಂದೆ ಚಿಕ್ಕಮಲ್ಲಪ್ಪನವರು. ರೂಮಿಗೆ ಕಾಲಿಟ್ಟ ತಕ್ಷಣ ಇಬ್ಬರೂ ಆಹಾ ಎಂದರು. ನನಗೆ ಧೈರ್ಯ ಬಂತು. ಅಷ್ಟರಲ್ಲಿ ಮಾದೇಶ್ ತಲೆ ವಾಲಿಸಿ ಕಿವಿಗೊಟ್ಟರು.

“ಏನದು ಸದ್ದು? ಮಳೆ ಬಂದ ಹಾಗೆ?”

ನಾಲ್ಕನೆಯ ಜ್ವರ ಎದ್ದ ಹುಳು ಸೊಪ್ಪು ತಿನ್ನುವ ಸದ್ದನ್ನು ನೀವು ಕೇಳಿಲ್ಲದಿದ್ದರೆ ಹೇಳುತ್ತೇನೆ. ಒಂದು ಹುಳು ತಿಂದರೆ ಏನೂ ಕೇಳಿಸದು. ಹತ್ತು ಸಾವಿರ ಒಟ್ಟಿಗೆ ತಿಂದರೆ ತೆಂಗಿನ ಗರಿಯ ಮೇಲೆ ಜಡಿಮಳೆ ಹಿಡಿದ ಹಾಗೆ. ಹೊರಗೆ ರಣಬಿಸಿಲು. ಮಳೆ ಎನ್ನುವಂತಿಲ್ಲ.

“ಮೆಷಿನ್ನು ಸಾರ್. ಹೊಸದಲ್ಲವಾ, ಸ್ವಲ್ಪ ಸದ್ದು ಮಾಡ್ತದೆ.”

ಮಾದೇಶ್ ಅವರ ಹುಬ್ಬು ಗಂಟಾಯಿತು. “ಈ ಮಾದರಿ ಇಂಥ ಸದ್ದು ಮಾಡಲೇಬಾರದು. ಒಳಗೆ ಏನೋ ಕೆಟ್ಟಿದೆ. ಹೀಗಿದ್ದರೆ ಇದನ್ನು ಇವತ್ತೇ ಬಿಚ್ಚಿಸಿ ಪರೀಕ್ಷೆಗೆ ಕಳಿಸಬೇಕಾಗ್ತದೆ” ಎಂದು ಟಪ್ಪನೆ ಸ್ವಿಚ್ ಆರಿಸಿದರು.

ಯಂತ್ರ ನಿಂತಿತು. ಮಳೆ ನಿಲ್ಲಲಿಲ್ಲ. ಅಡ್ಡಿ ಮಾಡುತ್ತಿದ್ದ ಯಂತ್ರ ನಿಂತದ್ದರಿಂದ ಇನ್ನೂ ಚೆನ್ನಾಗಿ ಸುರಿಯತೊಡಗಿತು.

ಮೂವರೂ ನಿಂತು ಕೇಳಿದೆವು. ಚಿಕ್ಕಮಲ್ಲಪ್ಪನವರು ಕನ್ನಡಕ ತೆಗೆದರು.

“ನಮ್ಮ ತಾಯಿ ಸಾರ್” ಎಂದೆ. “ಪಕ್ಕದಲ್ಲಿ ಕೊಬ್ಬರಿ ತುರೀತಾ ಇದಾರೆ.”

ಆ ಕ್ಷಣಕ್ಕೇ ಅಮ್ಮ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಯಾರೂ ಏನೂ ಕೇಳದಿದ್ದರೂ, “ನಂಗೇನೂ ಗೊತ್ತಿಲ್ಲ ಕಣ್ರಪ್ಪ” ಎಂದಳು.

ಮಾದೇಶ್ ಅವರ ಕಣ್ಣು ನನ್ನ ದಿಂಬಿನ ಮೇಲಿತ್ತು. ಅಲ್ಲಿ ಬೆರಳುದ್ದದ ಒಂದು ಬಿಳಿ ಹುಳು ತಲೆ ಎತ್ತಿ, ಇವರಲ್ಲಿ ಸೊಪ್ಪು ತಂದವರು ಯಾರು ಎಂದು ನೋಡುತ್ತಿತ್ತು.

ಅಷ್ಟರಲ್ಲಿ ಹಿತ್ತಲಿನಿಂದ ಧಡಧಡ ಹೆಜ್ಜೆ. ಯಂತ್ರ ನಿಂತದ್ದು ತೋಟದವರೆಗೆ ಕೇಳಿಸಿತ್ತು. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತೇ ಸುಧಾಮಣಿ ನುಗ್ಗಿದಳು.

“ಯಾರ್ರೀ ಮೆಷಿನ್ ನಿಲ್ಸಿದ್ದು? ಕಾಲ್ ತೊಳೆದ್ರಾ? ಬೂಟ್ ಹಾಕ್ಕೊಂಡೇ ಬಂದ್ಬುಟ್ರಾ ಒಳಕ್ಕೆ!”

ಇಂಜಿನಿಯರ್ ಸಾಹೇಬರು ತಮಗೇ ಗೊತ್ತಿಲ್ಲದ ಹಾಗೆ ಎರಡು ಹೆಜ್ಜೆ ಹಿಂದೆ ಹೋದರು. ಅವಳು ಸ್ವಿಚ್ ಹಾಕಿದಳು, ಥರ್ಮಾಮೀಟರ್ ನೋಡಿದಳು, ಆಮೇಲೆ ತನ್ನ ಸೀರೆಗಳನ್ನು ನೋಡಿದಳು. ಒಂದೇ ಎಳೆತಕ್ಕೆ ಪರದೆ ಕೆಳಗೆ. ಹದಿನಾರು ತಟ್ಟೆಗಳ ತುಂಬ ಹುಳು, ತಮ್ಮ ಪಾಡಿಗೆ ತಿನ್ನುತ್ತಲೇ ಇದ್ದವು.

ಇಲ್ಲಿ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ. ಕೈಮುಗಿದು, “ಸಾರ್, ಇದೆಲ್ಲ ನನಗೆ ಗೊತ್ತೇ ಇಲ್ಲ. ನಾನು ಆಫೀಸಿನಲ್ಲಿದ್ದಾಗ ಇವಳೇ...” ಎಂದುಬಿಟ್ಟೆ.

ಸುಧಾಮಣಿ ನನ್ನ ಕಡೆ ತಿರುಗಿದಳು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಮಾಡಿಕೊಳ್ಳಲಿಲ್ಲ.

“ಗೊತ್ತಿಲ್ವಾ? ಬೆಳಿಗ್ಗೆ ಎರಡು ಹೊರೆ ಸೊಪ್ಪು ಕೊಯ್ದಾಕಿದ್ದು ಯಾರು? ‘ಎಲ್ಲಾ ಎದ್ದವಾ ಸುಧಾ’ ಅಂತ ಬಾಗಿಲ ಸಂದೀಲಿ ನಿಂತು ಕೇಳ್ತಿದ್ದೋರು ಯಾರು?” ಆಮೇಲೆ ಮಾದೇಶ್ ಕಡೆ ತಿರುಗಿ, “ಸಾರ್, ಇವರದೇನೂ ತಪ್ಪಿಲ್ಲ. ಎಲ್ಲಾ ನಾನೇ ಮಾಡಿದ್ದು. ಇನ್ನು ಮೂರೇ ದಿನ, ಹಣ್ಣಾಗಿ ಗೂಡು ಕಟ್ತವೆ. ಆಮೇಲೆ ಬೇಕಾದ್ರೆ ಮೆಷಿನ್ ಹೊತ್ಕೊಂಡು ಹೋಗಿ. ಈಗ ಮುಟ್ಟಬೇಡಿ” ಎಂದಳು. ಹೇಳಿ ತಟ್ಟೆಗಳಿಗೆ ಅಡ್ಡ ನಿಂತಳು.

ಮಾದೇಶ್ ಹೊರಗೆ ಹೋದರು. ಹೋಗಿ ಬೂಟು ಬಿಚ್ಚಿ, ಕಾಲು ತೊಳೆದುಕೊಂಡು ವಾಪಸ್ ಬಂದರು. ಸರ್ಕಾರದ ಮೀಟರಿನ ಮುಂದೆ ಬಗ್ಗಿ ನೋಡಿದರು. ಪುಸ್ತಕದಲ್ಲಿ ಬರೆದುಕೊಂಡರು. ಮತ್ತೆ ಬಗ್ಗಿ ನೋಡಿದರು. ಸುಣ್ಣದ ಗೆರೆಯನ್ನು ಬೆರಳಿನಿಂದ ಮುಟ್ಟಿ, “ಇದು ಯಾರು ಹಾಕಿದ್ದು?” ಎಂದರು.

“ನಾನೇ. ಇಪ್ಪತ್ತೈದು ದಾಟಬಾರದು, ಇಳೀಲೂಬಾರದು.”

“ಬೇರೆ ಜಿಲ್ಲೆಗಳಲ್ಲಿ ಹತ್ತೊಂಬತ್ತು ಮನೆ ನೋಡಿಕೊಂಡು ಬಂದಿದೀನಿ ಅಮ್ಮ. ಎಲ್ಲರೂ ತಿರುಪನ್ನು ಕೊನೆವರೆಗೂ ತಿರುಗಿಸಿ ಕಂಬಳಿ ಹೊದ್ದು ಮಲಗ್ತಾರೆ.” (ನಾನು ದಿಂಬಿನ ಕಡೆ ನೋಡಿದೆ.) “ಕರೆಂಟು ಉಳಿಸೋಕೆ ಕೊಟ್ಟ ಯಂತ್ರದಲ್ಲಿ ಕರೆಂಟು ಉಳಿಸಿದೋರು ನೀವೊಬ್ಬರೇ.”

ಆಗ ಚಿಕ್ಕಮಲ್ಲಪ್ಪನವರಿಗೆ ಜೀವ ಬಂತು. ಮೂವತ್ತು ವರ್ಷದ ಸರ್ವಿಸು ಸುಮ್ಮನೆ ಹೋಗುತ್ತದೆಯೇ? ಕಡತ ಬಿಚ್ಚಿ, “ಸಾರ್, ನಿಯಮದಲ್ಲಿ ಗೃಹಬಳಕೆ ಅಂತ ಇದೆ. ಇದು ಗೃಹವೇ. ಕೋಣೆಯಲ್ಲಿ ವಾಸಿಸುವವರ ಸಂಖ್ಯೆ ಅಂತ ಕಲಂ ಇದೆ. ಯಾರು ವಾಸಿಸಬೇಕು ಅಂತ ಎಲ್ಲೂ ಹೇಳಿಲ್ಲ” ಎಂದರು. ನಾನು ತುಂಬಿದ್ದ ‘ಒಂದು’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಹತ್ತು ಸಾವಿರ’ ಎಂದು ಬರೆದರು.

ಮಾದೇಶ್ ಮೊದಲ ಸಲ ನಕ್ಕರು. ಮೇಲಿನವರಿಗೆ ಬರೆದು ಇದನ್ನು ಪ್ರಾಯೋಗಿಕ ಘಟಕ ಎಂದು ಮಾಡಿಸಿಕೊಡುತ್ತೇನೆ ಎಂದರು. ಜೀಪು ಹೊರಡುವಾಗ ನಾನು ಮೆಲ್ಲನೆ ಹತ್ತಿರ ಹೋಗಿ, “ಸಾರ್, ಬೆಳೆ ಇಲ್ಲದ ದಿನಗಳಲ್ಲಿ ಮನೆಯವರು ಉಪಯೋಗಿಸಬಹುದಲ್ಲವಾ?” ಎಂದು ಕೇಳಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಸುಧಾಮಣಿಯ ದನಿ ಬಂತು.

“ಬ್ಯಾಡಿ ಸಾರ್. ಎರಡು ಬೆಳೆ ನಡುವೆ ಔಷಧಿ ಹೊಡೆದು ಬಾಗಿಲು ಮುಚ್ಚಿಡಬೇಕು. ಅದನ್ನೂ ಬರ್ದ್‌ಬುಡಿ.”

ಮೂರನೆಯ ದಿನ ಹುಳು ಹಣ್ಣಾದವು. ವಾರ ಕಳೆಯುವಷ್ಟರಲ್ಲಿ ರೂಮಿನ ತುಂಬ ಬಿಳಿಗೂಡು, ಮಲ್ಲಿಗೆ ಮೊಗ್ಗು ಸುರಿದ ಹಾಗೆ. ನಾವಿಬ್ಬರೂ ಮೂಟೆ ಕಟ್ಟಿ ರಾಮನಗರದ ಮಾರುಕಟ್ಟೆಗೆ ಒಯ್ದೆವು. ಬೇಸಿಗೆಯಲ್ಲಿ ಚಾಮರಾಜನಗರದಿಂದ ಬಿಳಿಗೂಡು ಎಂದರೆ ಯಾರೂ ನಂಬಲಿಲ್ಲ. ಕೊಳ್ಳುವವರು ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಇದನ್ನು ಬೆಳೆದವರು ಯಾರು ಎಂದು ನನ್ನನ್ನು ಕೇಳಿದರು. ನಾನು ಸುಧಾಮಣಿಯ ಕಡೆ ಕೈ ತೋರಿಸಿದೆ. ಇಡೀ ಪ್ರಕರಣದಲ್ಲಿ ನಾನು ಹೇಳಿದ ಒಂದೇ ನಿಜ ಅದು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ನನ್ನ ಹೆಗಲಿಗೊರಗಿ ಮೈಸೂರಿನವರೆಗೂ ನಿದ್ದೆ ಮಾಡಿದಳು.

ಮೇ ತಿಂಗಳ ಮಧ್ಯದಲ್ಲಿ ಬೆಂಗಳೂರಿನಿಂದ ಮಂಜೂರಾತಿ ಬಂತು. ಅದನ್ನು ಜಿಲ್ಲಾ ಆದೇಶವಾಗಿ ಟೈಪು ಮಾಡಬೇಕಾದವನು ಕೋಶದ ಗುಮಾಸ್ತ. ಮೂರು ಕಾರ್ಬನ್ ಇಟ್ಟು ಕುಟ್ಟತೊಡಗಿದೆ. ‘ಸದರಿ ಕೋಣೆಯನ್ನು ರೇಷ್ಮೆ ಹುಳುಗಳ ವಾಸಕ್ಕೆ ಕಾಯಂ ಆಗಿ ಮೀಸಲಿಡತಕ್ಕದ್ದು. ಬೆಳೆ ಇರುವಾಗಲಾಗಲಿ ಇಲ್ಲದಿರುವಾಗಲಾಗಲಿ, ಫಲಾನುಭವಿಯ ಕುಟುಂಬದ ಯಾವುದೇ ಸದಸ್ಯರು ಸದರಿ ಕೋಣೆಯಲ್ಲಿ ಮಲಗತಕ್ಕದ್ದು.’

ಚಿಕ್ಕಮಲ್ಲಪ್ಪನವರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಕರಿಬಸವಯ್ಯ, ಕೊನೆಯಲ್ಲಿ ಒಂದು ‘ಅಲ್ಲ’ ಬಿಟ್ಟುಹೋಗಿದೆ.”

“ಹೌದಾ ಸಾರ್? ಕೀ ಸರಿಯಾಗಿ ಬೀಳ್ತಿಲ್ಲ.”

“ನಾಲ್ಕೂ ಪ್ರತಿಯಲ್ಲಿ ತಿದ್ದಿ. ಆಮೇಲೆ ಫಲಾನುಭವಿಗೆ ಖುದ್ದಾಗಿ ತಲುಪಿಸಿ ರುಜು ತಗೊಳ್ಳಿ.”

ಫಲಾನುಭವಿಗೆ ಖುದ್ದಾಗಿ ತಲುಪಿಸಿ, ತಲುಪಿತು ಎಂದು ನಾನೇ ರುಜು ಹಾಕಿದೆ. ಸುಧಾಮಣಿ ಆದೇಶವನ್ನು ಗಂಜಿ ಹಚ್ಚಿ ರೂಮಿನ ಬಾಗಿಲಿಗೆ ಅಂಟಿಸಿದಳು. ನಮ್ಮಮ್ಮ ಬಂದು ಅದರ ಮೊಹರನ್ನು ಮುಟ್ಟಿ ನೋಡಿ, ಏನು ಬರೆದಿದೆ ಓದು ಎಂದಳು. ನಾನು ‘ಮಲಗತಕ್ಕದ್ದಲ್ಲ’ದವರೆಗೂ ಗಟ್ಟಿಯಾಗಿ ಓದಿದೆ.

ಅಮ್ಮ ಬಾಯಿಗೆ ಸೆರಗು ಹಿಡಿದು ನನ್ನ ಕಡೆ ತಿರುಗಿದಳು.

“ಅಲ್ಲ ಕಣ್ಲಾ ಮಗ, ನಿನ್ ಗೊರ್ಕೆ ಸುದ್ದಿ ಬೆಂಗ್ಳೂರ್ಗಂಟ ಓಗ್ಬುಡ್ತಾ?”